ನಾವೀನ್ಯತಾ ಯೋಜನೆಗಳಲ್ಲಿ ಪಾಲುದಾರರ ಆಯ್ಕೆ

ಹೊಸ ಯಂತ್ರ, ಔಷಧ, ತಂತ್ರಾಂಶ ಅಥವಾ ಸೇವೆಯೊಂದನ್ನು ರೂಪಿಸಿ ಜನಬಳಕೆಗೆ ತರುವ ಕೆಲಸದಲ್ಲಿ ತನ್ನಲ್ಲಿಲ್ಲದ ಜ್ಞಾನ, ಹಣ, ಕಾರ್ಖಾನೆ, ಮಾರುಕಟ್ಟೆ ಅಥವಾ ಪರವಾನಗಿಯ ಬಲವನ್ನು ಪಡೆಯಲು ಒಂದು ಸಂಸ್ಥೆ ಇನ್ನೊಂದರೊಡನೆ ಕೈಜೋಡಿಸುವ ಮುನ್ನ ನಡೆಸುವ ಪರಿಶೀಲನೆ ಮತ್ತು ತೀರ್ಮಾನ. ಸರಕು ಪೂರೈಸುವವರನ್ನು ಗೊತ್ತುಮಾಡುವುದು ಬೇರೆ, ಇದು ಬೇರೆ. ಬೇಕಾದ ಬೋಲ್ಟಿನ ಅಳತೆ ಗೊತ್ತಿದ್ದರೆ ಟೆಂಡರು ಕರೆದು ಕಡಿಮೆ ದರ ಹೇಳಿದವರಿಂದ ಕೊಳ್ಳಬಹುದು. ಹೊಸದನ್ನು ಕಟ್ಟುವಾಗ ಬೋಲ್ಟು ಬೇಕೋ ಬೇಡವೋ ಎಂಬುದೇ ಎರಡನೆಯ ವರ್ಷದ ಹೊತ್ತಿಗೆ ತಿಳಿದೀತು. ಮುಂದೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲದ ಕೆಲಸಕ್ಕೆ ಎಲ್ಲವನ್ನೂ ಮೊದಲೇ ಬರೆದಿಡುವ ಕರಾರು ಸಾಧ್ಯವಿಲ್ಲ. ಹಾಗಾಗಿ ಕರಾರಿನಲ್ಲಿ ಬರೆಯಲಾಗದ್ದನ್ನೆಲ್ಲ ಪಾಲುದಾರರ ಗುಣವೇ ತುಂಬಿಕೊಡಬೇಕಾಗುತ್ತದೆ.

ಆಯ್ಕೆಯ ಚರ್ಚೆಗಳಲ್ಲಿ ಸಂಸ್ಥೆಯ ಹೆಸರು, ಗಾತ್ರ, ಹಿಂದಿನ ಸಾಧನೆಗಳ ಪಟ್ಟಿ ಇವಕ್ಕೆ ಸಿಗುವಷ್ಟು ಗಮನ ಒಂದು ಸಾದಾ ಪ್ರಶ್ನೆಗೆ ಸಿಗುವುದಿಲ್ಲ. ಈ ಕೆಲಸ ಕೆಟ್ಟರೆ ಆ ಪಾಲುದಾರ ಕಳೆದುಕೊಳ್ಳುವುದು ಏನು? ಏನೂ ಕಳೆದುಕೊಳ್ಳದವನು ಎಷ್ಟೇ ದೊಡ್ಡವನಾಗಿದ್ದರೂ ಮೊದಲ ಅಡಚಣೆಗೆ ಮೆಲ್ಲಗೆ ಹಿಂದೆ ಸರಿಯುತ್ತಾನೆ. ಈ ಪ್ರಶ್ನೆಯನ್ನು ಕೇಳಿಕೊಂಡವರು ಮತ್ತು ಕೇಳಿಕೊಳ್ಳದವರು ಇಬ್ಬರೂ ಕೈಗಾರಿಕೆಯ ಚರಿತ್ರೆಯಲ್ಲಿ ಧಾರಾಳವಾಗಿ ಸಿಗುತ್ತಾರೆ.

ಚರಿತ್ರೆ: ಇಂಥ ಆಯ್ಕೆಯ ಹಳೆಯ ಮತ್ತು ಚೆನ್ನಾಗಿ ದಾಖಲಾದ ಉದಾಹರಣೆ ಜೇಮ್ಸ್ ವಾಟ್‌ನದು. ಉಗಿಯಂತ್ರಕ್ಕೆ ಪ್ರತ್ಯೇಕ ಸಾಂದ್ರಕ ಜೋಡಿಸುವ ಉಪಾಯಕ್ಕೆ ಆತ 1769ರಲ್ಲಿ ಪೇಟೆಂಟ್ ಪಡೆದಾಗ ಜೊತೆಗಿದ್ದವನು ಜಾನ್ ರೋಬಕ್. ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಯ ಸ್ಥಾಪಕರಲ್ಲಿ ಒಬ್ಬನಾದ ರೋಬಕ್ ವಾಟ್‌ನ ಸಾಲದ ಹೊರೆ ಹೊತ್ತು, ಪೇಟೆಂಟ್‌ನಲ್ಲಿ ಮೂರನೆಯ ಎರಡು ಪಾಲು ಬರೆಸಿಕೊಂಡ. ಅವನಿಗೆ ಯಂತ್ರದ ಅಗತ್ಯವೂ ಇತ್ತು. ಅವನ ಕಲ್ಲಿದ್ದಲ ಗಣಿಗಳಿಗೆ ನೀರು ನುಗ್ಗುತ್ತಿತ್ತು, ಹಳೆಯ ಮಾದರಿಯ ನ್ಯೂಕಾಮನ್ ಉಗಿಯಂತ್ರ ಅದನ್ನು ಹೊರಹಾಕಲು ಸಾಲುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ ಪಿಸ್ಟನ್ ಬಿಗಿಯಾಗಿ ಓಡುವಷ್ಟು ನಯವಾದ ಸಿಲಿಂಡರನ್ನು ಅವರು ಮಾಡಲಾರದೆ ಹೋದರು. ಉಗಿ ಸಂದಿಯಿಂದ ಸೋರಿಹೋಗುತ್ತಿತ್ತು. ರೋಬಕ್‌ನಲ್ಲಿ ಆಸಕ್ತಿ ಇತ್ತು, ಕೈಯಲ್ಲಿ ನಗದು ಇರಲಿಲ್ಲ, ಸೂಕ್ಷ್ಮ ಕೆಲಸದ ಲೋಹಗಾರರೂ ಇರಲಿಲ್ಲ. 1773ರಲ್ಲಿ ಅವನು ದಿವಾಳಿಯಾದ.

ರೋಬಕ್‌ನಿಂದ 1,200 ಪೌಂಡು ಬರಬೇಕಾಗಿದ್ದ ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೋಲ್ಟನ್ ಆ ಬಾಕಿಯ ಬದಲಿಗೆ ಪೇಟೆಂಟ್‌ನ ಪಾಲನ್ನು ತೆಗೆದುಕೊಂಡ. ಸಾಲ ಕೊಟ್ಟಿದ್ದ ಉಳಿದವರ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಗುಂಡಿ, ಬಕಲ್, ಬೆಳ್ಳಿ ಸಾಮಾನು ಮಾಡುತ್ತಿದ್ದ ಬೋಲ್ಟನ್‌ನ ಸೋಹೋ ಕಾರ್ಖಾನೆಯಲ್ಲಿ ನುರಿತ ಕೈಗಳಿದ್ದವು. ಇದಕ್ಕೆ ಮೊದಲೇ ರೋಬಕ್ ಅವನಿಗೆ ಮೂರು ಜಿಲ್ಲೆಗಳ ಮಟ್ಟಿಗೆ ಯಂತ್ರ ತಯಾರಿಸುವ ಹಕ್ಕು ಕೊಡುತ್ತೇನೆಂದಿದ್ದ. ಮೂರು ಜಿಲ್ಲೆಗಾಗಿ ಮಾಡುವುದು ಲಾಭದ ಮಾತಲ್ಲ, ಇಡೀ ಲೋಕಕ್ಕೆ ಮಾಡುವುದಾದರೆ ಸರಿ ಎಂಬ ಅರ್ಥದ ಉತ್ತರ ಕೊಟ್ಟು ಬೋಲ್ಟನ್ ಅದನ್ನು ನಿರಾಕರಿಸಿದ್ದ. ಪಾಲುದಾರನ ಮನಸ್ಸಿನಲ್ಲಿ ಕೆಲಸದ ಅಳತೆ ಎಷ್ಟು ದೊಡ್ಡದು ಎಂಬುದು ವಾಟ್‌ಗೆ ಗೊತ್ತಾದದ್ದು ಇಂಥ ಕಡೆ. 1775ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಪೇಟೆಂಟ್‌ನ ಅವಧಿ 1800ರವರೆಗೆ ವಿಸ್ತರಣೆಯಾಯಿತು. ಬೋಲ್ಟನ್‌ಗಿದ್ದ ಪರಿಚಯ, ಪ್ರಭಾವಗಳು ಒಂಟಿ ವಾಟ್‌ಗೆ ಇರಲಿಲ್ಲ.

ಸಿಲಿಂಡರಿನ ತೊಡಕು ಬಿಡಿಸಿದವನು ಮೂರನೆಯವನು. ಜಾನ್ ವಿಲ್ಕಿನ್ಸನ್ ಫಿರಂಗಿಯ ನಳಿಗೆ ಕೊರೆಯಲು 1774ರಲ್ಲಿ ಪೇಟೆಂಟ್ ಪಡೆದ ವಿಧಾನವನ್ನು ಮಾರ್ಪಡಿಸಿ ದೊಡ್ಡ ಸಿಲಿಂಡರುಗಳನ್ನು ಕೊರೆದುಕೊಟ್ಟ. 1776ರಲ್ಲಿ ಕೆಲಸ ಆರಂಭಿಸಿದ ಮೊದಲ ಯಂತ್ರಗಳಲ್ಲಿ ಒಂದು ಅವನ ಕುಲುಮೆಗೇ ಗಾಳಿ ಊದುತ್ತಿತ್ತು. ಆದರೆ ಅವನು ಸಂಸ್ಥೆಯ ಪಾಲುದಾರನಲ್ಲ, ಸಿಲಿಂಡರು ಮಾರುವವನು ಮಾತ್ರ. ಬೋಲ್ಟನ್ ಮತ್ತು ವಾಟ್ ಯಂತ್ರದ ಬೆಲೆಗಿಂತ ಹೆಚ್ಚಾಗಿ, ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿಯುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಭಾಗವನ್ನು ವಸೂಲು ಮಾಡುತ್ತಿದ್ದರು. ಆ ಗಳಿಕೆಯಲ್ಲಿ ವಿಲ್ಕಿನ್ಸನ್‌ಗೆ ಪಾಲಿಲ್ಲ. ಮುಂದೆ ಅವನು ಶುಲ್ಕ ಕೊಡದೆ ಯಂತ್ರಗಳನ್ನು ಕಟ್ಟಿ ಮಾರಿದ್ದು ಬೆಳಕಿಗೆ ಬಂದು 1790ರ ದಶಕದಲ್ಲಿ ದೊಡ್ಡ ಜಗಳವೇ ಆಯಿತು. ಕೆಲಸಕ್ಕೆ ಅನಿವಾರ್ಯವಾದವನನ್ನು ಪಾಲಿನಿಂದ ಹೊರಗಿಟ್ಟದ್ದರ ಫಲ ಇದು ಎಂದರೆ ತಪ್ಪಾಗಲಾರದು.

ಪರಿಕಲ್ಪನೆಗಳು: ಇಪ್ಪತ್ತನೆಯ ಶತಮಾನದ ಬಹುಭಾಗ ದೊಡ್ಡ ಕಂಪನಿಗಳು ಸಂಶೋಧನೆಯನ್ನು ತಮ್ಮ ಗೋಡೆಯೊಳಗೇ ನಡೆಸಿದವು. ಹೊರಗಿನ ಜ್ಞಾನವನ್ನು ಒಳಗೆ ತರುವುದೂ ಒಳಗಿನದನ್ನು ಹೊರಗೆ ಬಿಡುವುದೂ ಲಾಭದಾಯಕ ಎಂಬ ವಾದವನ್ನು ಹೆನ್ರಿ ಚೆಸ್‌ಬ್ರೋ 2003ರಲ್ಲಿ ಮುಕ್ತ ನಾವೀನ್ಯತೆ ಎಂಬ ಹೆಸರಿನಲ್ಲಿ ಮಂಡಿಸಿದ. ಅದಕ್ಕಿಂತ ಹೆಚ್ಚು ಉಪಯುಕ್ತವಾದ ಮಾತನ್ನು ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ 1990ರಲ್ಲೇ ಆಡಿದ್ದರು. ಹೊರಗಿನ ಜ್ಞಾನವನ್ನು ಗುರುತಿಸಿ, ಜೀರ್ಣಿಸಿಕೊಂಡು, ಬಳಸುವ ಶಕ್ತಿ ಒಳಗೆ ಮೊದಲೇ ಇರುವ ಜ್ಞಾನವನ್ನು ಅವಲಂಬಿಸಿದೆ ಎಂಬುದು ಅವರ ವಾದ. ವಿಷಯದ ಗಂಧವೇ ಇಲ್ಲದವರು ಎಷ್ಟು ಒಳ್ಳೆಯ ಪಾಲುದಾರರನ್ನು ತಂದರೂ ಅವರಿಂದ ಕಲಿಯಲಾರರು. ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಅಳೆಯಲೂ ಆಗದು. ಪಾಲುದಾರರಲ್ಲಿ ಸಂಶೋಧನಾ ಸಂಸ್ಥೆ, ತಯಾರಕ, ಹಣ ಹಾಕುವವ, ಗಿರಾಕಿ, ನಿಯಂತ್ರಕ ಎಂದೆಲ್ಲ ಬಗೆಗಳಿವೆ. ಈ ವರ್ಗೀಕರಣ ಅನುದಾನದ ಅರ್ಜಿ ತುಂಬುವಾಗ ಉಪಯೋಗಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚಿನದಕ್ಕಲ್ಲ.

ಮೆನಾಫ್ರಿವ್ಯಾಕ್ ಲಸಿಕೆ: ಪಾಲುದಾರರ ಆಯ್ಕೆಯೇ ಯೋಜನೆಯ ಗತಿಯನ್ನು ನಿರ್ಧರಿಸಿದ ಉದಾಹರಣೆಗಳಲ್ಲಿ ಇದಕ್ಕೆ ಸಮನಾದದ್ದು ವಿರಳ. ಆಫ್ರಿಕದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಚಾಚಿದ 26 ದೇಶಗಳ ಪಟ್ಟಿಯಲ್ಲಿ ಒಣಹವೆಯ ತಿಂಗಳುಗಳಲ್ಲಿ ಮಿದುಳುಪೊರೆಯ ಉರಿಯೂತ ಸಾಂಕ್ರಾಮಿಕವಾಗಿ ಹರಡುತ್ತಿತ್ತು. 1996–97ರ ಸಾಂಕ್ರಾಮಿಕದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕಾಯಿಲೆ ಬಿದ್ದು, 25,000 ಮಂದಿ ಸತ್ತರು. ಹೆಚ್ಚಿನ ಪ್ರಕರಣಗಳು ಎ ಗುಂಪಿನ ಬ್ಯಾಕ್ಟೀರಿಯದಿಂದ ಬಂದವು. ಅದರ ವಿರುದ್ಧ ದೀರ್ಘಕಾಲ ರಕ್ಷಣೆ ಕೊಡುವ ಸಂಯುಕ್ತ ಲಸಿಕೆ ಮಾಡುವ ವಿಜ್ಞಾನ ಆಗಲೇ ತಿಳಿದಿತ್ತು; ಕೊಳ್ಳುವ ಶಕ್ತಿಯಿರುವ ಗಿರಾಕಿ ಇರಲಿಲ್ಲ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಿಯಾಟಲ್‌ನ ಪಾತ್ ಸಂಸ್ಥೆ ಸೇರಿ, ಗೇಟ್ಸ್ ಪ್ರತಿಷ್ಠಾನದ 7 ಕೋಟಿ ಡಾಲರ್ ನೆರವಿನಿಂದ ಮೆನಿಂಜೈಟಿಸ್ ಲಸಿಕೆ ಯೋಜನೆಯನ್ನು ಆರಂಭಿಸಿದವು. ನಿರ್ದೇಶಕ ಮಾರ್ಕ್ ಲಾಫೋರ್ಸ್. ಯೋಜನೆಯವರು ಮೊದಲು ಮಾಡಿದ್ದು ಪ್ರಯೋಗಾಲಯ ಹುಡುಕುವ ಕೆಲಸವಲ್ಲ. ಆಫ್ರಿಕದ ಆರೋಗ್ಯಾಧಿಕಾರಿಗಳ ಬಳಿ ಹೋಗಿ ಎಷ್ಟು ಬೆಲೆಯಾದರೆ ಕೊಳ್ಳುತ್ತೀರಿ ಎಂದು ಕೇಳಿದರು. ಒಂದು ಡೋಸಿಗೆ ಅರ್ಧ ಡಾಲರ್ ದಾಟಿದರೆ ನಮ್ಮ ಕೈಲಾಗದು ಎಂಬ ಉತ್ತರ ಬಂತು. ಅಲ್ಲಿಂದ ಮುಂದೆ ಪಾಲುದಾರರನ್ನು ಜರಡಿ ಹಿಡಿದದ್ದು ಈ ಅರ್ಧ ಡಾಲರ್. ಪಾಶ್ಚಾತ್ಯ ದೊಡ್ಡ ಲಸಿಕೆ ಕಂಪನಿಗಳೊಡನೆ ನಡೆದ ಮಾತುಕತೆ ಹೊಂದಿಕೆಗೆ ಬರಲಿಲ್ಲ. ಅವರಿಗೆ ತಂತ್ರಜ್ಞಾನ ಗೊತ್ತಿತ್ತು, ಆದರೆ ಈ ಬೆಲೆಯ ಲಸಿಕೆ ಅವರ ವ್ಯಾಪಾರಕ್ಕೆ ಒಗ್ಗುವಂಥದಲ್ಲ. ಮಾಡದಿದ್ದರೆ ಅವರಿಗೆ ನಷ್ಟವೂ ಇಲ್ಲ.

ಆಗ ಯೋಜನೆಯವರು ಒಬ್ಬ ದೊಡ್ಡ ಪಾಲುದಾರನ ಬದಲು ಬಿಡಿಬಿಡಿಯಾಗಿ ಜೋಡಿಸಿದರು. ಲಸಿಕೆಯ ಒಂದು ಘಟಕವಾದ ಪಾಲಿಸ್ಯಾಕರೈಡನ್ನು ಆಮ್‌ಸ್ಟರ್‌ಡ್ಯಾಮ್‌ನ ಸಿಂಕೊ ಬಯೋ ಪಾರ್ಟ್‌ನರ್ಸ್ ಕೊಡುವುದು. ಧನುರ್ವಾಯು ಟಾಕ್ಸಾಯ್ಡ್ ತಯಾರಿಕೆಯಲ್ಲಿ ಪಳಗಿದ್ದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಎರಡನೆಯ ಘಟಕವನ್ನು ಒದಗಿಸಿ, ಲಸಿಕೆಯನ್ನು ತಯಾರಿಸುವುದು. ಎರಡನ್ನೂ ರಾಸಾಯನಿಕವಾಗಿ ಬೆಸೆಯುವ ವಿಧಾನ ಮಾತ್ರ ಈ ಇಬ್ಬರಲ್ಲಿಯೂ ಸಿದ್ಧವಿರಲಿಲ್ಲ. ಅದು ಸಿಕ್ಕಿದ್ದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಯೋಗಾಲಯದಲ್ಲಿ. ಅಲ್ಲಿನ ಕಾರ್ಲ್ ಫ್ರಾಶ್ ಮತ್ತು ಚೆ-ಹಂಗ್ ರಾಬರ್ಟ್ ಲೀ ಹೆಚ್ಚು ಇಳುವರಿ ಕೊಡುವ ವಿಧಾನವೊಂದನ್ನು ರೂಪಿಸಿದ್ದರು. ಪುಣೆಯ ವಿಜ್ಞಾನಿಗಳು ಅಮೆರಿಕಕ್ಕೆ ಹೋಗಿ ಅದನ್ನು ಕಲಿತು ಬಂದರು. ಇಳುವರಿ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಅರ್ಧ ಡಾಲರಿನ ಗಡಿ ಇಲ್ಲದಿದ್ದರೆ ಯೋಜನೆಗೆ ಈ ವಿಧಾನವೇ ಬೇಕಾಗುತ್ತಿರಲಿಲ್ಲವೇನೋ.

ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಆ ಹೊತ್ತಿಗೆ ಸಂಯುಕ್ತ ಲಸಿಕೆಯ ಅನುಭವ ಅಷ್ಟಾಗಿ ಇರಲಿಲ್ಲ. ಹೆಸರಿನ ಪಟ್ಟಿಯನ್ನೇ ನೋಡುವ ಸಮಿತಿ ಅದನ್ನು ಕೆಳಗಿಡುತ್ತಿತ್ತು. ಆದರೆ ಅಗ್ಗದ ಲಸಿಕೆಯನ್ನು ಕೋಟಿಗಟ್ಟಲೆ ಡೋಸುಗಳಲ್ಲಿ ಮಾಡಿ ಬದುಕುವ ಕಂಪನಿ ಅದು, ಹೊಸ ವಿದ್ಯೆ ಕೈಗೆ ಬಂದರೆ ಮುಂದಿನ ಹತ್ತಾರು ಲಸಿಕೆಗಳಿಗೆ ದಾರಿ. ಗೆದ್ದರೆ ಗಳಿಸುವುದು ಬಹಳವಿತ್ತು. ಲಸಿಕೆಗೆ 2009ರ ಕೊನೆಗೆ ಭಾರತದಲ್ಲಿ ಪರವಾನಗಿ, 2010ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಹತಾ ಮನ್ನಣೆ ದೊರೆತು, 2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೊದಲ್ಲಿ ಅಭಿಯಾನ ಶುರುವಾಯಿತು. ಆರಂಭದ ಬೆಲೆ ಡೋಸಿಗೆ ಸುಮಾರು 40 ಸೆಂಟು. ಶೀತಲ ಪೆಟ್ಟಿಗೆಯ ಹೊರಗೆ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲೂ ನಾಲ್ಕು ದಿನ ಇಡಬಹುದೆಂದು 2012ರಲ್ಲಿ ಒಪ್ಪಿಗೆ ಸಿಕ್ಕಿತು. ಕರೆಂಟು ಇಲ್ಲದ ಹಳ್ಳಿಗಳ ಮಟ್ಟಿಗೆ ಬೆಲೆಯಷ್ಟೇ ಮುಖ್ಯವಾದ ಸಂಗತಿ ಇದು. 30 ಕೋಟಿಗೂ ಹೆಚ್ಚು ಜನ ಲಸಿಕೆ ಪಡೆದಿದ್ದಾರೆ.

ಮೈಸೂರಿನ ಅಳಿಸಲಾಗದ ಶಾಯಿ: ಪಾಲುದಾರರ ಸಂಖ್ಯೆ ಚಿಕ್ಕದಾಗಿ, ಒಬ್ಬೊಬ್ಬರ ಕೆಲಸ ಸ್ಪಷ್ಟವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ನಿದರ್ಶನವೇ ಇದೆ. ಒಬ್ಬರೇ ಎರಡು ಬಾರಿ ಮತ ಹಾಕುವುದನ್ನು ತಡೆಯಲು ಚುನಾವಣಾ ಆಯೋಗಕ್ಕೆ ಬೆರಳಿನಿಂದ ಅಳಿಸಿಹೋಗದ ಶಾಯಿ ಬೇಕಿತ್ತು. 1962ರಲ್ಲಿ ಆಯೋಗವು ಕಾನೂನು ಸಚಿವಾಲಯ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮಗಳ ಜೊತೆಯಲ್ಲಿ ಮೈಸೂರಿನ ಬಣ್ಣದ ಕಾರ್ಖಾನೆಯೊಂದರೊಡನೆ ಒಪ್ಪಂದ ಮಾಡಿಕೊಂಡಿತು. ಸೂತ್ರ ಪ್ರಯೋಗಾಲಯದ್ದು, ಹಕ್ಕಿನ ವ್ಯವಹಾರ ನಿಗಮದ್ದು, ತಯಾರಿಕೆ ಮೈಸೂರಿನದು, ಗಿರಾಕಿ ಆಯೋಗ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿ ಬೆಳಕಿಗೆ ಕಪ್ಪಾಗುತ್ತದೆ. ಸೋಪು, ನೀರಿಗೆ ಬಗ್ಗದೆ ಚರ್ಮವೂ ಉಗುರೂ ಹೊಸದಾಗಿ ಬೆಳೆಯುವವರೆಗೆ ಉಳಿಯುತ್ತದೆ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣಕ್ಕಾಗಿ ಆರಂಭವಾಗಿ, ಸ್ವಾತಂತ್ರ್ಯದ ಹೊತ್ತಿಗೆ ಸರ್ಕಾರದ ಉದ್ಯಮವಾದ ಈ ಕಾರ್ಖಾನೆ ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎಂಬ ಹೆಸರಿನಲ್ಲಿದೆ. ದೇಶದಲ್ಲಿ ಇದಕ್ಕಿಂತ ದೊಡ್ಡ ಬಣ್ಣದ ಕಂಪನಿಗಳು ಆಗಲೂ ಇದ್ದವು. ಆದರೆ ಈ ಸರಕಿನ ಸ್ವಭಾವವೇ ಬೇರೆ. ಅಂಗಡಿಯಲ್ಲಿ ಮಾರುವಂತಿಲ್ಲ, ಸೂತ್ರ ಹೊರಗೆ ಹೋಗುವಂತಿಲ್ಲ, ಬೇಡಿಕೆ ಚುನಾವಣೆ ಬಂದಾಗ ಮಾತ್ರ, ಆಗಲೂ ಒಂದು ಸೀಸೆ ತಡವಾಗುವಂತಿಲ್ಲ. ಇಂಥ ಕೆಲಸಕ್ಕೆ ಸರ್ಕಾರಕ್ಕೆ ಉತ್ತರ ಹೇಳಬೇಕಾದ ಮಧ್ಯಮ ಗಾತ್ರದ ಕಾರ್ಖಾನೆ ಒಗ್ಗುವಷ್ಟು ಮಾರುಕಟ್ಟೆಯ ದೈತ್ಯ ಒಗ್ಗಲಾರದು. ಅರವತ್ತು ವರ್ಷ ದಾಟಿದರೂ ಭಾರತದ ಚುನಾವಣೆಗಳಿಗೆ ಶಾಯಿ ಮೈಸೂರಿನಿಂದಲೇ ಹೋಗುತ್ತಿದೆ, ಎಷ್ಟೋ ಹೊರದೇಶಗಳಿಗೂ.

ಲೆಕ್ಕಕ್ಕೆ ಬಾರದ ಪಾಲುದಾರರು: ಎದುರಿಗೆ ಕೂತು ಸಹಿ ಹಾಕಿದವರಷ್ಟೇ ಪಾಲುದಾರರಲ್ಲ. ರಾನ್ ಆಡ್ನರ್ 2012ರ ತನ್ನ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ ಮಿಶೆಲಿನ್ ಕಂಪನಿಯ ಪ್ಯಾಕ್ಸ್ ಟೈರಿನ ಕಥೆ ಇದಕ್ಕೆ ಸಾಕ್ಷಿ. ಗಾಳಿ ಹೋದ ಮೇಲೂ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ 200 ಕಿಲೋಮೀಟರ್ ಓಡಬಲ್ಲ ಟೈರು. 1990ರ ದಶಕದ ಕೊನೆಯಲ್ಲಿ ಅದು ಹೊರಬಂದ ಮೇಲೆ ಮಿಶೆಲಿನ್ ತನ್ನ ಪ್ರತಿಸ್ಪರ್ಧಿ ಗುಡ್‌ಇಯರನ್ನೇ ಜೊತೆಗೆ ಸೇರಿಸಿಕೊಂಡಿತು, ಕಾರು ತಯಾರಕರನ್ನು ಒಪ್ಪಿಸಿತು. ದೊಡ್ಡವರೆಲ್ಲ ಬಂದರು. ಆದರೆ ಈ ಟೈರು ಚಕ್ರಕ್ಕೆ ಕಚ್ಚಿಕೊಂಡು ಕೂರುವ ಬಗೆ ಬೇರೆ, ಒಳಗೊಂದು ಆಧಾರದ ಬಳೆ ಬೇರೆ. ಬಿಚ್ಚಿ ಹಾಕಲು ವಿಶೇಷ ಯಂತ್ರವೂ ತರಬೇತಿಯೂ ಬೇಕು. ಊರೂರಿನ ಟೈರು ಅಂಗಡಿಯವರು ಅಪರೂಪಕ್ಕೊಂದು ಬರುವ ಗಾಡಿಗಾಗಿ ಅಷ್ಟು ಹಣ ಸುರಿಯಲು ಮುಂದಾಗಲಿಲ್ಲ. 200 ಕಿಲೋಮೀಟರ್ ಓಡಿದ ಮೇಲಾದರೂ ಟೈರು ಯಾರಾದರೊಬ್ಬರ ಅಂಗಡಿಗೆ ಬರಲೇಬೇಕಲ್ಲ. ಬಂದವರಿಗೆ ರಿಪೇರಿ ಸಿಗಲಿಲ್ಲ, ಇಡೀ ಟೈರು ಬದಲಿಸಬೇಕಾದ ಗಿರಾಕಿಗಳು ಅಮೆರಿಕದಲ್ಲಿ ಕೋರ್ಟು ಹತ್ತಿದರು. 2007ರಲ್ಲಿ ಕಂಪನಿ ಈ ಟೈರಿನ ಮುಂದಿನ ಅಭಿವೃದ್ಧಿಯನ್ನು ಕೈಬಿಟ್ಟಿತು. ಪಂಕ್ಚರ್ ಹಾಕುವವನನ್ನು ಯಾರೂ ಮಾತುಕತೆಗೆ ಕರೆದಿರಲಿಲ್ಲ.

ಬೆಂಗಳೂರಿನ ಸಿಂಪ್ಯೂಟರ್ ಸಹ ಈ ದೃಷ್ಟಿಯಿಂದ ನೋಡಬೇಕಾದ ಪ್ರಯತ್ನ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಹಳ್ಳಿಗರ ಕೈಗೆಟುಕುವ ಅಂಗೈ ಗಣಕಯಂತ್ರವನ್ನು ರೂಪಿಸಿದರು. ಗುರಿಯ ಬೆಲೆ ಸುಮಾರು 9,000 ರೂಪಾಯಿ, ಲಿನಕ್ಸ್ ತಂತ್ರಾಂಶ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡು, ಓದು ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಧ್ವನಿ. 2001ರಲ್ಲಿ ಮಾದರಿ ಹೊರಬಿದ್ದಾಗ ಜಗತ್ತೇ ತಿರುಗಿ ನೋಡಿತು. ವಿನ್ಯಾಸವನ್ನು ಟ್ರಸ್ಟೊಂದರ ಒಡೆತನದಲ್ಲಿಟ್ಟು, ಲೈಸೆನ್ಸ್ ಪಡೆದವರು ತಯಾರಿಸಬಹುದೆಂಬ ವ್ಯವಸ್ಥೆಯೂ ಆಯಿತು. ಭಾರತ್ ಎಲೆಕ್ಟ್ರಾನಿಕ್ಸ್‌ನಂಥ ದೊಡ್ಡ ತಯಾರಕ ಸಂಸ್ಥೆಯ ಜೊತೆಯಲ್ಲಿ ಅಮಿಡಾ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ 2004. ವಿಜ್ಞಾನದ ಕಡೆಯಿಂದ ಈ ತಂಡಕ್ಕೆ ಕೊರತೆಯಿರಲಿಲ್ಲ. ಸಾವಿರಗಟ್ಟಲೆ ಕೊಳ್ಳುವ ಇಲಾಖೆ, ಸಾಲ ಕೊಡುವ ಬ್ಯಾಂಕು, ಊರಿನಲ್ಲಿ ರಿಪೇರಿ ಮಾಡುವವ ಇವರಲ್ಲಿ ಯಾರೂ ಮೊದಲ ದಿನದಿಂದ ಪಾಲು ಹೊತ್ತಿರಲಿಲ್ಲ. ಕೆಲವು ಸರ್ಕಾರಿ ಯೋಜನೆಗಳಲ್ಲಿ ಬಳಕೆಯಾದರೂ ನಿರೀಕ್ಷಿಸಿದ ಸಂಖ್ಯೆಯ ಹತ್ತಿರಕ್ಕೂ ಮಾರಾಟ ಹೋಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತ ಬಂತು. ಅದರ ಹಿಂದೆ ಟವರಿನಿಂದ ಹಿಡಿದು ಕರೆನ್ಸಿ ಮಾರುವ ಗೂಡಂಗಡಿಯವರೆಗಿನ ಸಾಲೇ ಇತ್ತು.

ಉದ್ದೇಶಗಳ ಹೊಂದಾಣಿಕೆ: ಇಬ್ಬರ ಹೆಸರೂ ದೊಡ್ಡದಾಗಿದ್ದು ಕನಸು ಬೇರೆಬೇರೆಯಾದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತಾಗುತ್ತದೆ. ಸ್ವಾಚ್ ಗಡಿಯಾರದಿಂದ ಹೆಸರಾದ ನಿಕೊಲಾಸ್ ಹಾಯೆಕ್‌ಗೆ ಪೇಟೆಯಲ್ಲಿ ಓಡಿಸುವ ಪುಟ್ಟ, ಬಣ್ಣಬಣ್ಣದ ಕಾರಿನ ಆಸೆ. ಅದು ವಿದ್ಯುತ್ತಿನಿಂದ ಅಥವಾ ಮಿಶ್ರ ಇಂಧನದಿಂದ ಓಡಬೇಕೆಂಬ ಹಟ. 1991ರಲ್ಲಿ ಫೋಕ್ಸ್‌ವಾಗನ್ ಒಪ್ಪಿತು. 1993ರಲ್ಲಿ ಅಲ್ಲಿ ಫರ್ಡಿನಾಂಡ್ ಪೀಯೆಕ್ ಮುಖ್ಯಸ್ಥನಾಗಿ ಬಂದ ಮೇಲೆ ಆ ಒಪ್ಪಂದ ಮುರಿಯಿತು. 1994ರಲ್ಲಿ ಡೈಮ್ಲರ್-ಬೆನ್ಜ್ ಜೊತೆ ಹೊಸ ಕಂಪನಿ ಏರ್ಪಟ್ಟಿತು. ಡೈಮ್ಲರ್‌ಗೆ ಬೇಕಾಗಿದ್ದದ್ದು ಸಣ್ಣ ಕಾರುಗಳ ಮಾರುಕಟ್ಟೆಗೆ ಒಂದು ಬಾಗಿಲು. 1998ರಲ್ಲಿ ಸ್ಮಾರ್ಟ್ ಕಾರು ರಸ್ತೆಗೆ ಬಂದಾಗ ಒಳಗಿದ್ದದ್ದು ಪೆಟ್ರೋಲ್ ಎಂಜಿನ್. ಅದೇ ವರ್ಷ ಸ್ವಾಚ್ ತನ್ನ ಪಾಲನ್ನು ಮಾರಿ ಹೊರನಡೆಯಿತು. ಕಾರು ಉಳಿಯಿತು, ಹಾಯೆಕ್‌ನ ಕಾರು ಹುಟ್ಟಲಿಲ್ಲ. ಮುಖ್ಯಸ್ಥನೊಬ್ಬ ಬದಲಾದರೆ ಒಪ್ಪಂದ ಬೀಳುತ್ತದೆಯೇ ಎಂಬುದನ್ನೂ ಆಯ್ಕೆಯ ಹೊತ್ತಿನಲ್ಲಿ ಕೇಳಬೇಕಾಗುತ್ತದೆ. ಸಂಸ್ಥೆಯೊಡನೆ ಸಹಿ ಹಾಕಿದೆವೆಂದುಕೊಂಡವರು ಎಷ್ಟೋ ಸಲ ಒಬ್ಬ ವ್ಯಕ್ತಿಯ ಉತ್ಸಾಹಕ್ಕೆ ಸಹಿ ಹಾಕಿರುತ್ತಾರೆ.

ಪಾಲುದಾರನ ಹಿಂದಿರುವವರು: ಪಾಲುದಾರನಿಗೆ ಮನಸ್ಸಿದ್ದರೂ ಅವನ ಕೈ ಕಟ್ಟುವವರು ಇರಬಹುದು. ಅತಿಶೀತ ದ್ರವ ಇಂಧನದಿಂದ ಉರಿಯುವ ಕ್ರಯೋಜೆನಿಕ್ ರಾಕೆಟ್ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕಾಗಿ ಇಸ್ರೋ 1991ರಲ್ಲಿ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷ ಕಳೆಯುವುದರೊಳಗೆ ಆ ದೇಶವೇ ಇಲ್ಲವಾಯಿತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣದ ಕಾರಣ ಮುಂದೊಡ್ಡಿ 1992ರಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹೇರಿತು. 1993ರಲ್ಲಿ ರಷ್ಯ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಡಲು ಒಪ್ಪಿತು. ಆ ಎಂಜಿನ್‌ಗಳಿಂದ 2001ರ ಏಪ್ರಿಲ್‌ನಲ್ಲಿ ಜಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಉಡಾವಣೆಯಾಯಿತು. ದೇಶೀಯ ಕ್ರಯೋಜೆನಿಕ್ ಎಂಜಿನ್ ಇರುವ ರಾಕೆಟ್ ಯಶಸ್ವಿಯಾದದ್ದು 2014ರ ಜನವರಿ 5ರಂದು. ನಡುವಿನ ಇಪ್ಪತ್ತು ವರ್ಷಗಳಿಗೆ ಪಾಲುದಾರನ ಅಸಾಮರ್ಥ್ಯ ಕಾರಣವಲ್ಲ. ಮಿಶ್ರ ಬಳಕೆಯ ತಂತ್ರಜ್ಞಾನದಲ್ಲಿ, ಅಂದರೆ ನಾಗರಿಕ ಮತ್ತು ಸೇನಾ ಕೆಲಸಗಳೆರಡಕ್ಕೂ ಒದಗುವಂಥದರಲ್ಲಿ, ರಫ್ತು ಕಾನೂನುಗಳ ಪರಿಶೀಲನೆಯೇ ಆಯ್ಕೆಯ ಮೊದಲ ಹಂತವಾಗಿರುವುದು ಇಂಥ ಅನುಭವಗಳಿಂದ.

ಪಾಲುದಾರರನ್ನು ಹಿಡಿದಿಟ್ಟುಕೊಳ್ಳುವುದು: ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್‌ನಲ್ಲಿರುವ ಎಎಸ್‌ಎಂಎಲ್, ಚಿಪ್ಪುಗಳ ಮೇಲೆ ಅತಿ ಸಣ್ಣ ರೇಖೆಗಳನ್ನು ಮೂಡಿಸುವ ಯಂತ್ರಗಳ ತಯಾರಕ. 13.5 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ಬಳಸುವ ಯಂತ್ರ ಕಟ್ಟಲು ಅದಕ್ಕೆ ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಈ ಬೆಳಕನ್ನು ಗಾಜೂ ಗಾಳಿಯೂ ಹೀರಿಬಿಡುತ್ತವೆ. ಹಾಗಾಗಿ ನಿರ್ವಾತದಲ್ಲಿ ಮಸೂರದ ಬದಲು ಕನ್ನಡಿಗಳು ಬೇಕು. ಕನ್ನಡಿ ಜರ್ಮನಿಯ ಝೈಸ್‌ನದು, ಲೇಸರ್ ಟ್ರುಂಫ್‌ನದು, ಬೆಳಕಿನ ಮೂಲ ಅಮೆರಿಕದ ಸೈಮರ್‌ನದು. ಸೆಕೆಂಡಿಗೆ 50,000ದಂತೆ ಬೀಳುವ ಕರಗಿದ ತವರದ ಹನಿಗಳಿಗೆ ಲೇಸರ್ ಹೊಡೆದು ಬೆಳಕು ಹೊರಡಿಸುತ್ತಾರೆ. ಮೂವರಲ್ಲಿ ಒಬ್ಬರು ಹಿಂದೆ ಬಿದ್ದರೂ ಯಂತ್ರವಿಲ್ಲ.

2012ರಲ್ಲಿ ಎಎಸ್‌ಎಂಎಲ್ ತನ್ನ ಗಿರಾಕಿಗಳನ್ನೇ ಹಣ ಹಾಕಲು ಕರೆಯಿತು. ಇಂಟೆಲ್ 15, ಟಿಎಸ್‌ಎಂಸಿ 5, ಸ್ಯಾಮ್‌ಸಂಗ್ 3 ಶೇಕಡಾ ಷೇರು ಕೊಂಡು, ಸಂಶೋಧನೆಗೆಂದು ಮೂವರೂ ಸೇರಿ 138 ಕೋಟಿ ಯೂರೋ ಕೊಡಲು ಒಪ್ಪಿದವು. ಇವರು ಪರಸ್ಪರ ಪ್ರತಿಸ್ಪರ್ಧಿಗಳು. ಯಾರೊಬ್ಬರೂ ಯಂತ್ರವನ್ನು ತಮಗಷ್ಟೇ ಇಟ್ಟುಕೊಳ್ಳದಂತೆ ಷೇರುಗಳ ಮತದ ಅಧಿಕಾರವನ್ನು ಮೊಟಕುಗೊಳಿಸಲಾಗಿತ್ತು. ಬೆಳಕಿನ ಮೂಲದ ಕೆಲಸ ಕುಂಟುತ್ತಿದ್ದ ಕಾರಣ ಎಎಸ್‌ಎಂಎಲ್ 2013ರಲ್ಲಿ ಸೈಮರನ್ನು ಪೂರ್ತಿಯಾಗಿ ಕೊಂಡುಕೊಂಡಿತು. ಝೈಸ್‌ನ ವಿಷಯದಲ್ಲಿ ಹಾಗೆ ಮಾಡಲಿಲ್ಲ. 2016ರಲ್ಲಿ ಅದರ ಅರೆವಾಹಕ ವಿಭಾಗದ 24.9 ಶೇಕಡಾ ಪಾಲಿಗೆ 100 ಕೋಟಿ ಯೂರೋ ಕೊಟ್ಟು, ಕನ್ನಡಿ ಮಾಡುವವರನ್ನು ಅವರ ಪಾಡಿಗೆ ಬಿಟ್ಟಿತು. ಒಂದೇ ಯೋಜನೆಯಲ್ಲಿ ಒಬ್ಬರನ್ನು ನುಂಗಿ, ಒಬ್ಬರಲ್ಲಿ ಪಾಲು ಹಿಡಿದು, ಒಬ್ಬರಿಂದ ಹಣ ಪಡೆದ ಈ ಕ್ರಮ ಕಣ್ಣಿಗೆ ಅವ್ಯವಸ್ಥಿತವಾಗಿ ಕಂಡರೂ ಪ್ರತಿಯೊಬ್ಬರೂ ಏನು ಕಳೆದುಕೊಳ್ಳಬಹುದೆಂಬುದನ್ನು ಬೇರೆಬೇರೆಯಾಗಿ ಅಳೆದು ಮಾಡಿದ್ದು.

ಪರಿಶೀಲನೆ ಮತ್ತು ಕರಾರು: ಮಾತುಕತೆಗೆ ಬರುವ ನಿರ್ದೇಶಕರು ಪ್ರಯೋಗಾಲಯದ ಮೇಜಿನ ಮುಂದೆ ನಿಲ್ಲುವುದಿಲ್ಲ. ಕೆಲಸ ಮಾಡುವವರು ಯಾರು, ಅವರ ಸಮಯದಲ್ಲಿ ಈ ಯೋಜನೆಗೆಂದು ಎಷ್ಟು, ಅವರು ಬಿಟ್ಟುಹೋದರೆ ಮುಂದೇನು ಎಂದು ವಿಚಾರಿಸುವುದು ಲೆಕ್ಕಪತ್ರ ನೋಡುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ದೊಡ್ಡ ಒಪ್ಪಂದಕ್ಕೆ ಮೊದಲು ಕೆಲವೇ ತಿಂಗಳ, ಹಣ ಕೊಟ್ಟು ಮಾಡಿಸುವ ಸಣ್ಣ ಕೆಲಸವೊಂದನ್ನು ಜೊತೆಯಾಗಿ ಮುಗಿಸಿ ನೋಡುವುದು ರೂಢಿಯಲ್ಲಿದೆ. ಕೆಟ್ಟ ಸುದ್ದಿಯನ್ನು ಎಷ್ಟು ಬೇಗ ಹೇಳುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ, ಬೇರೆಲ್ಲಿಯೂ ಗೊತ್ತಾಗುವುದಿಲ್ಲ. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಹೇಳಲು ನಾಸಾ ರೂಪಿಸಿದ 9 ಹಂತಗಳ ಮಾಪನ ಈಗ ಎಲ್ಲೆಡೆ ಬಳಕೆಯಲ್ಲಿದೆ. ಮೂರನೆಯ ಹಂತದಲ್ಲಿರುವ ವಿಶ್ವವಿದ್ಯಾನಿಲಯವೂ ಎಂಟನೆಯ ಹಂತದ ವಸ್ತುವನ್ನಷ್ಟೇ ಕೊಳ್ಳುವ ಕಂಪನಿಯೂ ನೇರವಾಗಿ ಜೊತೆಯಾದರೆ ನಡುವಿನ ಕಂದಕ ದಾಟಿಸುವವರು ಯಾರೂ ಇರುವುದಿಲ್ಲ.

ವಿಶ್ವವಿದ್ಯಾನಿಲಯಗಳ ಜೊತೆಗಿನ ಒಪ್ಪಂದಗಳಲ್ಲಿ ಪದೇಪದೇ ತಲೆಯೆತ್ತುವ ತೊಡಕು ಪ್ರಕಟಣೆಯದು. ಸಂಶೋಧನಾ ವಿದ್ಯಾರ್ಥಿಗೆ ಪ್ರಬಂಧ ಬೇಕು. ಪೇಟೆಂಟ್ ಅರ್ಜಿಗೆ ಮೊದಲೇ ವಿಷಯ ಬಹಿರಂಗವಾದರೆ ಬಹುತೇಕ ದೇಶಗಳಲ್ಲಿ ಪೇಟೆಂಟ್‌ನ ಅವಕಾಶವೇ ಹೋಗುತ್ತದೆ. ಪ್ರಕಟಿಸುವ ಮುನ್ನ ಪಾಲುದಾರರಿಗೆ ತೋರಿಸಿ ಇಂತಿಷ್ಟು ದಿನ ಕಾಯಬೇಕೆಂಬ ಷರತ್ತು ಹಾಕುವುದು ಇದಕ್ಕಾಗಿ. ಮೊದಲೇ ಇದ್ದ ಜ್ಞಾನ ಯಾರದು, ಯೋಜನೆಯಲ್ಲಿ ಹುಟ್ಟಿದ್ದು ಯಾರದು ಎಂಬುದನ್ನು ಬೇರ್ಪಡಿಸಿ ಬರೆಯುವುದೂ ಅಷ್ಟೇ ಅಗತ್ಯ. ಇಬ್ಬರ ಹೆಸರಿಗೂ ಜಂಟಿಯಾಗಿರಲಿ ಎಂಬುದು ಸೌಜನ್ಯದ ಮಾತಾಗಿ ಕೇಳಿಸುತ್ತದೆ, ಆದರೆ ಭಾರತದ ಪೇಟೆಂಟ್ ಕಾಯಿದೆಯ 50ನೆಯ ಸೆಕ್ಷನ್ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಜಂಟಿ ಒಡೆಯ ತಾನೇ ಬಳಸಿಕೊಳ್ಳಬಹುದು, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ. ಕಾರ್ಖಾನೆಯಿರುವ ಪಾಲುದಾರನಿಗೆ ಇದು ಅನುಕೂಲ. ಲೈಸೆನ್ಸ್ ಕೊಟ್ಟೇ ಹಣ ನೋಡಬೇಕಾದ ವಿಶ್ವವಿದ್ಯಾನಿಲಯಕ್ಕೆ ಕೈಕಟ್ಟು. ಅಮೆರಿಕದಲ್ಲಿ ನಿಯಮ ಇದಕ್ಕೆ ತದ್ವಿರುದ್ಧ, ಅಲ್ಲಿ ಯಾವ ಜಂಟಿ ಒಡೆಯನೂ ಇನ್ನೊಬ್ಬನನ್ನು ಕೇಳದೆ ಲೈಸೆನ್ಸ್ ಕೊಡಬಹುದು.

ಹಣ ಕೊಡುವ ಸಂಸ್ಥೆಗಳ ನಿಯಮಗಳೂ ಆಯ್ಕೆಯನ್ನು ಬಾಗಿಸುತ್ತವೆ. ಐರೋಪ್ಯ ಒಕ್ಕೂಟದ ಹೊರೈಜನ್ ಕಾರ್ಯಕ್ರಮದ ಸಹಯೋಗ ಯೋಜನೆಗಳಿಗೆ ಸಾಮಾನ್ಯವಾಗಿ ಮೂರು ಬೇರೆ ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳಾದರೂ ಇರಬೇಕು. ಸದುದ್ದೇಶದ ನಿಯಮವೇ, ಆದರೆ ಅರ್ಜಿಯ ಸಂಖ್ಯೆ ತುಂಬಿಸಲು ಸೇರಿಸಿಕೊಂಡ ಪಾಲುದಾರರು ಸಭೆಗೆ ಬಂದು ಹೋಗುವುದಕ್ಕಷ್ಟೇ ಉಳಿಯುವ ಅಪಾಯ ಇದ್ದೇ ಇದೆ. ಭಾರತದಲ್ಲಿ 1953ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ, ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಆರಂಭಿಸಿದ ಬೈರಾಕ್, ಬೆಂಗಳೂರಿನ ಸಿ-ಕ್ಯಾಂಪ್ ಮೊದಲಾದವು ಸಂಶೋಧಕರನ್ನೂ ಉದ್ಯಮಿಗಳನ್ನೂ ಬೆಸೆಯುವ ಕೆಲಸದಲ್ಲಿವೆ.

ಕಲಿಕೆ ಮತ್ತು ಬೇರ್ಪಡೆ: ಕರಾರಿನಲ್ಲಿ ಬೇಗ ಮುಗಿಸಿಬಿಡುವ ಭಾಗ ಬೇರ್ಪಡೆಯದು. ಅಚ್ಚುಗಳು, ಜೀವಕೋಶಗಳ ದಾಸ್ತಾನು, ತಂತ್ರಾಂಶದ ಮೂಲಪಾಠ, ಪರೀಕ್ಷೆಯ ದಾಖಲೆಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನು ಸ್ನೇಹ ಇರುವಾಗಲೇ ಬರೆಯಬೇಕು. ಬರವಣಿಗೆಗೆ ಸಿಗದೆ ಇಬ್ಬರ ತಲೆಯಲ್ಲಿ ಉಳಿಯುವ ಕಲಿಕೆ ಬೇರೆಯೇ. ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿ 1982ರಲ್ಲಿ ಜನರಲ್ ಮೋಟರ್ಸ್ ಮುಚ್ಚಿದ ಕಾರ್ಖಾನೆಯನ್ನು ಟೊಯೋಟ ಜೊತೆಗೂಡಿ 1984ರಲ್ಲಿ ನುಮ್ಮಿ ಎಂಬ ಹೆಸರಿನಲ್ಲಿ ತೆರೆಯಲಾಯಿತು. ಗೈರುಹಾಜರಿಗೂ ಮುಷ್ಕರಕ್ಕೂ ಹೆಸರಾಗಿದ್ದ ಹಳೆಯ ಕಾರ್ಮಿಕರನ್ನೇ ಬಹುಪಾಲು ತೆಗೆದುಕೊಂಡು, ಕೆಲವರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದೆಂಬ ಪದ್ಧತಿ ಬಂತು. ಅದೇ ಜನರ ಕೈಯಿಂದ ಹೊರಬರುವ ಕಾರುಗಳ ಗುಣಮಟ್ಟ ಕೆಲವೇ ವರ್ಷಗಳಲ್ಲಿ ಜಪಾನಿನದಕ್ಕೆ ಸಾಟಿಯಾಯಿತು.

ಇಬ್ಬರೂ ಕಲಿಯಲೆಂದೇ ಸೇರಿದ್ದರು. ಅಮೆರಿಕದ ಕಾರ್ಮಿಕರೊಡನೆ, ಅಲ್ಲಿನ ಬಿಡಿಭಾಗ ಪೂರೈಕೆದಾರರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಕಲಿತ ಟೊಯೋಟ 1988ರಲ್ಲಿ ಕೆಂಟಕಿಯಲ್ಲಿ ತನ್ನದೇ ದೊಡ್ಡ ಕಾರ್ಖಾನೆಯಿಂದ ಕಾರು ಹೊರಡಿಸಿತು. ಜನರಲ್ ಮೋಟರ್ಸ್ ನುಮ್ಮಿಗೆ ಕಳಿಸಿದ ವ್ಯವಸ್ಥಾಪಕರು ಕಲಿತು ಮರಳಿ ಹೋದರು, ಆದರೆ ಕಂಪನಿಯ ಇತರ ಕಾರ್ಖಾನೆಗಳಲ್ಲಿ ಅವರ ಮಾತು ಬಹುಕಾಲ ನಡೆಯಲಿಲ್ಲ. ಆ ಪದ್ಧತಿ ವ್ಯಾಪಕವಾಗಿ ಬೇರೂರಲು ದಶಕಗಳೇ ಹಿಡಿದವು. ಪಾಲುದಾರನನ್ನು ಆರಿಸುವಾಗ ಅವನಿಗೆ ಅಂಕ ಹಾಕುವ ಸಮಿತಿಗಳು ತಮ್ಮ ಮನೆಯ ಕಲಿಯುವ ಶಕ್ತಿಗೆ ಅಂಕ ಹಾಕಿಕೊಳ್ಳುವುದು ಅಪರೂಪ. ದಿವಾಳಿಗೆ ಸಿಲುಕಿದ ಜನರಲ್ ಮೋಟರ್ಸ್ 2009ರಲ್ಲಿ ಪಾಲುದಾರಿಕೆಯಿಂದ ಹೊರಬಿತ್ತು, 2010ರ ಏಪ್ರಿಲ್‌ನಲ್ಲಿ ಕಾರ್ಖಾನೆ ಮುಚ್ಚಿತು. ಅದೇ ವರ್ಷ ಟೆಸ್ಲಾ ಅದನ್ನು ಕೊಂಡುಕೊಂಡಿತು.